ನವಜಾತ ಶಿಶುಗಳ ಮೆದುಳಿನ ಹಾನಿಯ ಸಂಶೋಧನೆ: ಲ್ಯಾಬ್ ಟೆಕ್ನಾಲಜಿಸ್ಟ್ ಕೆಲಸಕ್ಕೆ ಸೇರಬಹುದೇ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿದ್ದೇನೆ. ಈಗ ಒಂದು ಸಂಶೋಧನಾ ಯೋಜನೆಯಿಂದ ಸಂದರ್ಶನದ ಕರೆ ಬಂದಿದೆ. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕ, ರಕ್ತ ಸಾಲದೆ ಮೆದುಳಿಗೆ ಪೆಟ್ಟಾದ ಶಿಶುಗಳ ಮೇಲಿನ ಅಧ್ಯಯನ. ಶಿಶುವಿನ ರಕ್ತ, ಹೊಕ್ಕುಳಬಳ್ಳಿಯ ರಕ್ತ, ಮಾಸು ಇವನ್ನು ಪಡೆದು ಸಂಸ್ಕರಿಸಿ ಕಾಪಿಡುವುದು ನನ್ನ ಪಾಲಿನ ಕೆಲಸ. ಮುಂದೆ ಇಲಿಮರಿಗಳ ಪ್ರಯೋಗವೂ ಸೇರಬಹುದು ಎಂದಿದ್ದಾರೆ. ಒಂದು ವರ್ಷದ ಗುತ್ತಿಗೆ, ಆಮೇಲೆ ವರ್ಷವರ್ಷಕ್ಕೆ ನವೀಕರಣ.

ಆಟೋ ಅನಲೈಸರ್‌ಗೆ ಟ್ಯೂಬ್ ಏರಿಸಿ ಇಳಿಸಿ ನನಗೆ ಸಾಕಾಗಿದೆ. ಆದರೆ ಇರುವ ಕೆಲಸ ಬಿಟ್ಟು ಗುತ್ತಿಗೆಗೆ ಹೋಗುವುದು ಮನೆಯವರಿಗೆ ಹಿಡಿಸಿಲ್ಲ. ಈ ಕ್ಷೇತ್ರದಲ್ಲಿ ಇದ್ದವರು, ಇರುವವರು ಒಳಗಿನ ಸಂಗತಿ ಹೇಳಿದರೆ ಉಪಕಾರ. ಟೆಕ್ನಾಲಜಿಸ್ಟ್ ಅಲ್ಲಿ ನಿಜವಾಗಿ ಮಾಡುವುದೇನು?

ಹಳೇ ಮೈಕ್ರೋಟೋಮ್

ನೋಡಿ ತಂಗಿ, ಬೇಸರ ಕಳೆಯಲೆಂದು ಹೋಗುವುದಾದರೆ ಬೇಡ. ಸಂಶೋಧನೆಯಲ್ಲಿ ಬೇಸರ ಇನ್ನೂ ಹೆಚ್ಚು. ಒಂದೇ ಮೆದುಳಿನ ನೂರಾರು ಸೀಳುಗಳನ್ನು ಒಂದೇ ದಪ್ಪದಲ್ಲಿ ಕತ್ತರಿಸಿ, ಒಂದೇ ಬಣ್ಣ ಹಾಕಿ, ಒಂದೇ ಕ್ರಮದಲ್ಲಿ ಗಾಜಿಗೆ ಏರಿಸುತ್ತಾ ಕೂರಬೇಕು. ಆದರೆ ಆ ಬೇಸರಕ್ಕೆ ಒಂದು ಅರ್ಥ ಇದೆ, ಅದನ್ನು ಹೇಳುತ್ತೇನೆ.

ನಾನು ಹಿಸ್ಟಾಲಜಿಯವನು, ಅಂದರೆ ಅಂಗಾಂಶವನ್ನು ಸೀಳಿ ಬಣ್ಣ ಹಾಕಿ ಸೂಕ್ಷ್ಮದರ್ಶಕಕ್ಕೆ ಸಿದ್ಧಮಾಡುವವನು. ಈ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಾಣಿ ಮಾದರಿ ರೈಸ್ ಮತ್ತು ವನ್ನುಚಿ 1981ರಲ್ಲಿ ಪ್ರಕಟಿಸಿದ್ದು. ಏಳು ದಿನದ ಇಲಿಮರಿಗೆ ಅರಿವಳಿಕೆ ಕೊಟ್ಟು ಕುತ್ತಿಗೆಯ ಒಂದು ಬದಿಯ ಕ್ಯಾರಟಿಡ್ ರಕ್ತನಾಳವನ್ನು ಕಟ್ಟುತ್ತಾರೆ. ಮರಿ ತಾಯಿಯ ಬಳಿ ಚೇತರಿಸಿಕೊಂಡ ಮೇಲೆ ಶೇ 8ರಷ್ಟು ಮಾತ್ರ ಆಮ್ಲಜನಕವಿರುವ ಪೆಟ್ಟಿಗೆಯಲ್ಲಿ ನಿಗದಿತ ಸಮಯ ಇಡುತ್ತಾರೆ. ನಾಳ ಕಟ್ಟಿದ ಬದಿಯ ಮೆದುಳಿಗೆ ಹಾನಿಯಾಗುತ್ತದೆ, ಇನ್ನೊಂದು ಬದಿ ಬಹುಮಟ್ಟಿಗೆ ಉಳಿಯುತ್ತದೆ. ಒಂದೇ ತಲೆಯೊಳಗೆ ಪೆಟ್ಟು ಬಿದ್ದದ್ದೂ ಉಳಿದದ್ದೂ ಅಕ್ಕಪಕ್ಕ ಸಿಗುವುದರಿಂದ ಹೋಲಿಸಲು ಅನುಕೂಲ.

ಈಗ ಕೈಗೆ ಬರುವ ವಸ್ತು ನೋಡಿ. ಎಳೆಯ ಮೆದುಳಿನಲ್ಲಿ ನೀರಿನಂಶ ಜಾಸ್ತಿ, ನರತಂತುಗಳ ಮೈಲಿನ್ ಹೊದಿಕೆ ಇನ್ನೂ ಕೂತಿರುವುದಿಲ್ಲ. ಬೆಳೆದ ಇಲಿಯ ಮೆದುಳು ಕೈಗೆ ಗಟ್ಟಿಯಾಗಿ ಸಿಗುತ್ತದೆ. ಇದು ಗಿಣ್ಣಿನಂತೆ ಅಲುಗುತ್ತದೆ. ಚಿಮುಟ ಒತ್ತಿದರೆ ಗುರುತು ಬೀಳುತ್ತದೆ, ಆ ಗುರುತು ಸೂಕ್ಷ್ಮದರ್ಶಕದಡಿ ಹಾನಿಯ ಹಾಗೇ ಕಾಣುತ್ತದೆ. ಶೇ 4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಮಾಡಿ, ಶೇ 30ರ ಸಕ್ಕರೆ ದ್ರಾವಣದಲ್ಲಿ ಬಿಡಬೇಕು. ಮೊದಲು ತೇಲುತ್ತದೆ, ಸಕ್ಕರೆ ಒಳಗಿಳಿದ ಮೇಲೆ ತಳಕ್ಕೆ ಮುಳುಗುತ್ತದೆ. ಮುಳುಗುವ ತನಕ ಕಾಯಲೇಬೇಕು. ಅವಸರಪಟ್ಟು ಘನೀಕರಿಸಿದರೆ ಒಳಗಿನ ನೀರು ಹರಳುಗಟ್ಟಿ ಅಂಗಾಂಶದ ತುಂಬಾ ತೂತು. ಮುಂದಿನ ವಾರ ಆ ತೂತುಗಳನ್ನು ಯಾರೋ ಪಿಎಚ್‌ಡಿ ವಿದ್ಯಾರ್ಥಿ 'ಊತ' ಎಂದು ಎಣಿಸುತ್ತಾ ಕೂತಿರುತ್ತಾನೆ.

ತಾಜಾ ಸೀಳುಗಳಿಗೆ ಟಿಟಿಸಿ ಎಂಬ ಬಣ್ಣವೂ ಇದೆ. ಜೀವಂತ ಕೋಶದ ಮೈಟೊಕಾಂಡ್ರಿಯದ ಕಿಣ್ವಗಳು ಅದನ್ನು ಕೆಂಪಾಗಿಸುತ್ತವೆ. ಸತ್ತ ಭಾಗ ಬೆಳ್ಳಗೇ ಉಳಿಯುತ್ತದೆ. 37 ಡಿಗ್ರಿಯಲ್ಲಿ, ಬೆಳಕು ಬೀಳದ ಹಾಗೆ ಇಟ್ಟು ಕಾಯಬೇಕು. ನೋಡಲು ಸೊಗಸು, ಆದರೆ ಮರಿ ಮೆದುಳಿನಲ್ಲಿ ಅಂಚು ಯಾವಾಗಲೂ ಸ್ಪಷ್ಟವಿರುವುದಿಲ್ಲ. ನಾನು ನರಕೋಶಗಳನ್ನು ತೋರಿಸುವ ಕ್ರೆಸಿಲ್ ವಯೊಲೆಟ್ ಬಣ್ಣ ಮತ್ತು ನರಕೋಶದ ಮ್ಯಾಪ್-2 ಪ್ರೋಟೀನಿನ ಗುರುತು ನಂಬುವವನು. ಹಳಬರ ಹಟ ಎನ್ನಿ.

ಹುಬ್ಬಳ್ಳಿ ಗಾಳಿ

ಹಿರಿಯರು ವಿಜ್ಞಾನ ಹೇಳಿದರು, ನಾನು ಹೊಟ್ಟೆಪಾಡು ಹೇಳುತ್ತೇನೆ. ಎರಡು ಯೋಜನೆಗಳಲ್ಲಿ ಇದ್ದೆ. ಅನುದಾನದ ಕಂತು ತಡವಾದರೆ ಸಂಬಳ ತಡ. ಯೋಜನೆ ಮುಗಿದ ದಿನ ನಿಮ್ಮ ಗುರುತಿನ ಚೀಟಿಯೂ ಮುಗಿಯಿತು. ಇತ್ತ ಸರ್ಕಾರಿ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗಳ ಅಧಿಸೂಚನೆಗೆ ಕಾಯುತ್ತಾ ವಯೋಮಿತಿ ದಾಟಿದವರನ್ನು ಕಂಡಿದ್ದೇನೆ.

ಸೇರುವ ಮುಂಚೆ ಬರಹದಲ್ಲಿ ಕೇಳಿ: ಅನುದಾನ ಯಾವ ವರ್ಷದ ತನಕ ಇದೆ? ಹುದ್ದೆಯ ಹೆಸರೇನು? ಅನುಭವ ಪತ್ರದಲ್ಲಿ ಯಾವ ತಂತ್ರಗಳನ್ನು ಬರೆದುಕೊಡುತ್ತೀರಿ? ರಾತ್ರಿ ಬಂದರೆ ಓಡಾಟದ ವ್ಯವಸ್ಥೆ ಏನು? ಕೊನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಈ ಶಿಶುಗಳು ಹಗಲು ಒಂಬತ್ತರಿಂದ ಐದರೊಳಗೆ ಮಾತ್ರ ಹುಟ್ಟುವುದಿಲ್ಲ.

ಏಳನೇ ವಾರ್ಡ್

ನಾನು ನವಜಾತ ಶಿಶುಗಳ ಐಸಿಯುನಲ್ಲಿ ನರ್ಸ್. ಲ್ಯಾಬ್‌ನವರ ಮೇಲೆ ನನ್ನದೊಂದು ದೂರಿದೆ, ಇಲ್ಲೇ ಹೇಳಿಬಿಡುತ್ತೇನೆ. "ಸಿಸ್ಟರ್, ಸ್ಯಾಂಪಲ್ ಹೀಮೊಲೈಸ್ ಆಗಿದೆ, ಮತ್ತೆ ಕಳಿಸಿ" (ಅಂದರೆ ಕೆಂಪು ರಕ್ತಕಣ ಒಡೆದಿದೆ) ಎಂದು ಫೋನ್ ಇಟ್ಟುಬಿಡುತ್ತೀರಲ್ಲ, ಈ ಕಡೆ ಏನಿದೆ ಎಂದು ಒಮ್ಮೆ ಬಂದು ನೋಡಿದ್ದೀರಾ? ಮೂರು ಕಿಲೋ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 240 ಮಿಲಿ. ಅದರಿಂದ ಒಂದು ಮಿಲಿ ಎಳೆಯುವುದು ದೊಡ್ಡವರಿಂದ 20 ಮಿಲಿ ಎಳೆದಷ್ಟು. ಉಸಿರುಗಟ್ಟಿ ಹುಟ್ಟಿದ ಮಗುವಿಗೆ ಬಿಪಿ ಇರುವುದಿಲ್ಲ, ಕೈಕಾಲು ತಣ್ಣಗಿರುತ್ತವೆ, ರಕ್ತನಾಳ ಕಣ್ಣಿಗೂ ಕಾಣುವುದಿಲ್ಲ. ಅದರ ಮೇಲೆ ಮೆದುಳು ಉಳಿಸಲು ಮೈ ತಣ್ಣಗಿಡುವ ತಂಪು ಚಿಕಿತ್ಸೆ ನಡೆಯುತ್ತಿದ್ದರೆ ಹಿಮ್ಮಡಿ ಚುಚ್ಚಿದರೂ ತೊಟ್ಟು ಬರುವುದಿಲ್ಲ. ಹಿಂಡಿದರೆ ಬರುತ್ತದೆ, ಹಿಂಡಿದರೆ ಹೀಮೊಲೈಸ್ ಆಗುತ್ತದೆ. ನಾವೇನು ಮಾಡಬೇಕು?

ಇಷ್ಟಾಗಿಯೂ ನಿಮ್ಮಂಥವರು ಬರಬೇಕು ಮೇಡಂ. ಟ್ಯೂಬ್ ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಲ್ಲುವ ಟೆಕ್ನಾಲಜಿಸ್ಟ್ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ತುಂಗಾತೀರ

ಸಿಸ್ಟರ್, ಆ ಫೋನ್ ಮಾಡುವವರಲ್ಲಿ ನಾನೂ ಒಬ್ಬಳು. ಆದರೆ ಒಂದು ಅನುಮಾನ. ಮಾಮೂಲಿ ಲ್ಯಾಬ್‌ನಲ್ಲಿ ಸ್ವಲ್ಪ ಹೀಮೊಲೈಸ್ ಆದರೆ ಪೊಟ್ಯಾಸಿಯಂ ಬಿಟ್ಟು ಉಳಿದದ್ದನ್ನು ಟಿಪ್ಪಣಿ ಹಾಕಿ ಕೊಟ್ಟುಬಿಡುತ್ತೇವೆ. ಸಂಶೋಧನೆಯಲ್ಲಿ ಹೇಗೆ?

ಹಳೇ ಮೈಕ್ರೋಟೋಮ್

ಇದೇ ಸರಿಯಾದ ಪ್ರಶ್ನೆ. ಮೆದುಳಿನ ಹಾನಿಯ ಗುರುತಾಗಿ ರಕ್ತದಲ್ಲಿ ಅಳೆಯುವ ಪ್ರೋಟೀನುಗಳಲ್ಲಿ ಎನ್‌ಎಸ್‌ಇ (ನ್ಯೂರಾನ್ ಸ್ಪೆಸಿಫಿಕ್ ಈನೊಲೇಸ್) ಒಂದು. ನರಕೋಶ ಸತ್ತರೆ ಅದು ರಕ್ತಕ್ಕೆ ಸೋರುತ್ತದೆ. ತೊಂದರೆ ಏನೆಂದರೆ ಅದೇ ಎನ್‌ಎಸ್‌ಇ ಕೆಂಪು ರಕ್ತಕಣದೊಳಗೂ ತುಂಬಿರುತ್ತದೆ. ಕಣ ಒಡೆಯಿತೋ, ಮಗುವಿನ ಮೆದುಳು ಚೆನ್ನಾಗಿದ್ದರೂ ಅಂಕಿ ಮೇಲೇರುತ್ತದೆ. ಇದರಲ್ಲೂ ಒಂದು ಕುಹಕವಿದೆ: ತೀರಾ ಕಾಯಿಲೆಯ ಮಗುವಿನಿಂದ ರಕ್ತ ತೆಗೆಯುವುದು ಕಷ್ಟ, ಕಷ್ಟವಾದಷ್ಟೂ ಹೀಮೊಲೈಸ್ ಜಾಸ್ತಿ. ಹಾಗಾಗಿ 'ಹಾನಿ ಹೆಚ್ಚಿದ್ದವರಲ್ಲಿ ಎನ್‌ಎಸ್‌ಇ ಹೆಚ್ಚು' ಎಂಬ ಚೆಂದದ ಗ್ರಾಫ್ ಬರುತ್ತದೆ. ಆ ಗ್ರಾಫ್‌ನಲ್ಲಿ ಮೆದುಳೆಷ್ಟು, ಹಿಂಡಿದ ಹಿಮ್ಮಡಿ ಎಷ್ಟು? ಪ್ಲಾಸ್ಮಾದ ಬಣ್ಣವನ್ನು ಟ್ಯೂಬ್ ಕೈಗೆ ಬಂದ ಗಳಿಗೆಯಲ್ಲೇ ಬರೆದಿಟ್ಟವರು ಮಾತ್ರ ಹೇಳಬಲ್ಲರು. ಅದು ಪ್ರೊಫೆಸರ್ ಅಲ್ಲ, ಸಂಖ್ಯಾಶಾಸ್ತ್ರಜ್ಞನೂ ಅಲ್ಲ.

ಸ್ಯಾಂಪಲ್ ಬಿಸಾಡಬೇಡಿ, ದಾಖಲಿಸಿ. ಬಿಸಾಡಿದರೆ ತೀರಾ ಕಾಯಿಲೆಯ ಮಕ್ಕಳೇ ಅಧ್ಯಯನದಿಂದ ಜಾರಿಹೋಗುತ್ತಾರೆ.

ಎನ್‌ಐಸಿಯು ಮೂಲೆ

ನವಜಾತ ಶಿಶು ವಿಭಾಗದಲ್ಲಿ ವೈದ್ಯನಾಗಿರುವವನು. ನಮ್ಮ ನಾಡಿನಲ್ಲಿ ಈ ಕೆಲಸ ಯಾಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಈ ಕಾಯಿಲೆಗೆ ಶ್ರೀಮಂತ ದೇಶಗಳಲ್ಲಿ ರೂಢಿಯಲ್ಲಿರುವ ಚಿಕಿತ್ಸೆ ಮಗುವನ್ನು ತಂಪು ಮಾಡುವುದು. ಹುಟ್ಟಿದ ಆರು ಗಂಟೆಯೊಳಗೆ ಶುರುಮಾಡಿ, ಮೈಯ ಒಳ ತಾಪವನ್ನು 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 72 ಗಂಟೆ ಹಿಡಿದು, ಆಮೇಲೆ ನಿಧಾನವಾಗಿ ಬೆಚ್ಚಗೆ ಮಾಡುತ್ತಾರೆ. 2005ರಲ್ಲಿ ಕೂಲ್‌ಕ್ಯಾಪ್ ಮತ್ತು ಅಮೆರಿಕದ ಮಕ್ಕಳ ಆರೋಗ್ಯ ಸಂಸ್ಥೆ ಎನ್‌ಐಸಿಎಚ್‌ಡಿಯ ಪ್ರಯೋಗಗಳು, 2009ರಲ್ಲಿ ಬ್ರಿಟನ್ನಿನ ಟೋಬಿ ಪ್ರಯೋಗ ಇದಕ್ಕೆ ಬುನಾದಿ ಹಾಕಿದವು.

ಇದೇ ಇಲ್ಲಿಯೂ ಕೆಲಸ ಮಾಡುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ, ಬೆಂಗಳೂರನ್ನೂ ಸೇರಿಸಿಕೊಂಡು, ಹೀಲಿಕ್ಸ್ ಎಂಬ ಪ್ರಯೋಗ ನಡೆಯಿತು. ಇಂಪೀರಿಯಲ್ ಕಾಲೇಜಿನ ಸುಧಿನ್ ತಯ್ಯಿಲ್ ನೇತೃತ್ವ, 408 ಶಿಶುಗಳು, 2021ರಲ್ಲಿ ಫಲಿತಾಂಶ. ಸಾವು ಅಥವಾ ಮಧ್ಯಮದಿಂದ ತೀವ್ರ ಅಂಗವೈಕಲ್ಯ ತಂಪು ಮಾಡಿದವರಲ್ಲಿ ಶೇ 50, ಮಾಡದವರಲ್ಲಿ ಶೇ 47, ಅಂದರೆ ಪ್ರಯೋಜನವಿಲ್ಲ. ಸಾವನ್ನಷ್ಟೇ ತೆಗೆದುಕೊಂಡರೆ ತಂಪು ಮಾಡಿದವರಲ್ಲಿ ಶೇ 42, ಮಾಡದವರಲ್ಲಿ ಶೇ 31. ಒಳ್ಳೆಯದಾಗುತ್ತದೆ ಎಂದು ಮಾಡಿದ್ದು ಸಾವು ಹೆಚ್ಚಿಸಿತು. ವಾರ್ಡಿನಲ್ಲಿ ನಿಂತು ತಂಪು ಮಾಡಿದ್ದ ನಮಗೆ ಅದನ್ನು ಓದುವುದು ಸುಲಭವಿರಲಿಲ್ಲ.

ಕಾರಣ ಏನು? ಚರ್ಚೆ ಮುಗಿದಿಲ್ಲ. ನಮ್ಮಲ್ಲಿ ಬರುವ ಮಕ್ಕಳ ಮೆದುಳಿನ ಪೆಟ್ಟು ಹೆರಿಗೆಯ ಗಳಿಗೆಯದ್ದು ಮಾತ್ರವಲ್ಲ, ಗರ್ಭದಲ್ಲೇ ಮುಂಚಿನಿಂದ ನಡೆದು ಬಂದದ್ದೂ ಇರಬಹುದು ಎಂಬುದು ಒಂದು ಬಲವಾದ ಅನುಮಾನ. ಹಾಗಿದ್ದರೆ ಆರು ಗಂಟೆಯ ಲೆಕ್ಕವೇ ತಪ್ಪುತ್ತದೆ. ಇದನ್ನು ತೀರ್ಮಾನಿಸಲು ಬೇಕಿರುವುದು ಮಾಸು, ಹೊಕ್ಕುಳಬಳ್ಳಿಯ ರಕ್ತ, ಮೊದಲ ಗಂಟೆಗಳ ರಕ್ತದ ಆರ್‌ಎನ್‌ಎ (ಯಾವ ಜೀನುಗಳು ಚುರುಕಾಗಿವೆ ಎಂದು ತೋರಿಸುವ ಅಣು). ಅಂದರೆ ತುಂಗಾತೀರ ಅವರಿಗೆ ಸಿಕ್ಕಿರುವ ಕೆಲಸವೇ.

ಔಷಧದ ಕಥೆಯೂ ಹೀಗೇ. ತಂಪಿನ ಜೊತೆಗೆ ಎರಿಥ್ರೊಪೊಯೆಟಿನ್ (ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನು) ಕೊಟ್ಟರೆ ಇನ್ನಷ್ಟು ಗುಣವಾಗುತ್ತದೆ ಎಂಬ ಆಸೆ ಪ್ರಾಣಿ ಪ್ರಯೋಗಗಳಿಂದ ಹುಟ್ಟಿತ್ತು. ಅಮೆರಿಕದ ಹೀಲ್ ಪ್ರಯೋಗ 2022ರಲ್ಲಿ ಅದಕ್ಕೆ ತೆರೆ ಎಳೆಯಿತು.

ಹುಬ್ಬಳ್ಳಿ ಗಾಳಿ

ಡಾಕ್ಟರೇ, ಬೇಸರ ಮಾಡಿಕೊಳ್ಳಬೇಡಿ. ಇಲಿಯಲ್ಲಿ ಗುಣವಾದದ್ದು ಮಗುವಿನಲ್ಲಿ ಆಗುವುದಿಲ್ಲ, ಅಲ್ಲಿ ಗುಣವಾದದ್ದು ಇಲ್ಲಿ ಆಗುವುದಿಲ್ಲ. ಹಾಗಾದರೆ ಮರಿಗಳನ್ನು ಕೊಲ್ಲುವುದು ಯಾತಕ್ಕೆ? ನಮ್ಮ ಮನೆಯಲ್ಲಿ ಇರುವೆ ಗೂಡಿಗೆ ಬಿಸಿನೀರು ಹಾಕಲು ಅಜ್ಜಿ ಬಿಡುತ್ತಿರಲಿಲ್ಲ. ನಾನು ಪ್ರಾಣಿ ವಿಭಾಗ ಬೇಡ ಎಂದು ಮೊದಲೇ ಬರೆದುಕೊಟ್ಟಿದ್ದೆ.

ಆಕ್ಲೆಂಡ್ ಕನ್ನಡಿಗ

ಗಾಳಿ ಸರ್, ನಿಮ್ಮ ಹಿಂಜರಿಕೆ ನ್ಯಾಯವಾದದ್ದೇ. ಆದರೆ 'ಆರು ಗಂಟೆ' ಎಂಬ ಅಂಕಿ ಎಲ್ಲಿಂದ ಬಂತು ನೋಡಿ. ನಾನಿರುವ ಊರಿನಲ್ಲೇ ಅಲಿಸ್ಟೇರ್ ಗನ್, ಪೀಟರ್ ಗ್ಲಕ್ಮನ್ ತಂಡ ಗರ್ಭದಲ್ಲಿರುವ ಕುರಿಮರಿಯ ತಲೆಗೆ ತಣ್ಣೀರು ಹರಿಯುವ ಸುರುಳಿ ಸುತ್ತಿ ಪ್ರಯೋಗ ಮಾಡಿತು. 1997ರಲ್ಲಿ ಮೊದಲ ವರದಿ. ರಕ್ತದ ಕೊರತೆ ಉಂಟುಮಾಡಿ ಒಂದೂವರೆ ಗಂಟೆಗೆ ತಂಪು ಶುರುಮಾಡಿದರೆ ನರಕೋಶಗಳು ಅಚ್ಚರಿಯೆನಿಸುವಷ್ಟು ಉಳಿದವು. ಐದೂವರೆ ಗಂಟೆಗೆ ಶುರುಮಾಡಿದರೆ ಸ್ವಲ್ಪ ಉಪಯೋಗ. ಎಂಟೂವರೆ ಗಂಟೆಗೆ, ಸೆಳವು ಶುರುವಾದ ಮೇಲೆ ಮಾಡಿದರೆ ಏನೂ ಇಲ್ಲ. ಇವತ್ತು ಜಗತ್ತಿನ ಎಲ್ಲಾ ವಾರ್ಡುಗಳಲ್ಲಿ ಗಡಿಯಾರ ನೋಡಿಕೊಂಡು ಓಡುತ್ತಾರಲ್ಲ, ಆ ಗಡಿಯಾರ ಬಂದದ್ದು ಕುರಿಗಳಿಂದ.

ಪ್ರಾಣಿಯಲ್ಲಿ ಗುಣವಾಗಿ ಮನುಷ್ಯರಲ್ಲಿ ಆಗದ್ದಕ್ಕೆ ಒಂದು ಹಳೆಯ ಪಾಠವೂ ಇದೆ. ಎಂಕೆ-801 ಎಂಬ ಔಷಧ ಜರ್ಬಿಲ್ ಎಂಬ ಇಲಿಜಾತಿಯ ಪ್ರಾಣಿಯ ಮೆದುಳನ್ನು ಕಾಪಾಡುತ್ತದೆ ಎಂದು ಎಲ್ಲರೂ ಹಿಗ್ಗಿದ್ದರು. 1990ರಲ್ಲಿ ಬ್ಯೂಕನ್ ಮತ್ತು ಪುಲ್ಸಿನೆಲ್ಲಿ ತೋರಿಸಿದ್ದೇನೆಂದರೆ, ಔಷಧದಿಂದ ಪ್ರಾಣಿಯ ಮೈ ತಣ್ಣಗಾಗುತ್ತಿತ್ತು, ಕಾಪಾಡುತ್ತಿದ್ದದ್ದು ಆ ತಣ್ಣಗಿನ ಮೈ. ಬೆಚ್ಚಗಿಟ್ಟು ನೋಡಿದರೆ ರಕ್ಷಣೆ ಮಾಯ.

ಇದನ್ನು ಯಾಕೆ ಹೇಳಿದೆ ಎಂದರೆ, ಏಳು ದಿನದ ಇಲಿಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇಲ್ಲ. ಅಮ್ಮನಿಂದ ದೂರ ಮಾಡಿದ ಕೂಡಲೇ ತಣ್ಣಗಾಗುತ್ತದೆ. ಪೆಟ್ಟಿಗೆಯನ್ನು ಬೆಚ್ಚಗಿಡುವ ನೀರಿನ ಹಾಸು ಒಂದೆರಡು ಡಿಗ್ರಿ ಕಡಿಮೆ ಇದ್ದರೆ ಆ ದಿನದ ಮರಿಗಳಿಗೆಲ್ಲ ಹಾನಿ ಕಡಿಮೆ. ಆ ದಿನ ಔಷಧ ಕೊಟ್ಟ ಗುಂಪಿನ ಸರದಿಯಾಗಿದ್ದರೆ ಸುಳ್ಳು ಔಷಧವೊಂದು ಹುಟ್ಟಿತು ಎಂದೇ ಲೆಕ್ಕ. ನಮ್ಮ ಲ್ಯಾಬ್‌ನಲ್ಲಿ ಪೆಟ್ಟಿಗೆಯ ತಾಪ ದಾಖಲಿಸುವ ಹಾಳೆ ಟೆಕ್ನಾಲಜಿಸ್ಟ್‌ನ ಕೈಯಲ್ಲಿರುತ್ತದೆ, ವಿಜ್ಞಾನಿಯ ಕೈಯಲ್ಲಲ್ಲ. ಯಾವ ಮರಿಗೆ ಏನು ಕೊಟ್ಟಿದೆ ಎಂಬುದೂ ಟೆಕ್ನಾಲಜಿಸ್ಟ್‌ಗೆ ಗೊತ್ತಿರಬಾರದು. ಸಂದರ್ಶನದಲ್ಲಿ ನೀವೇ ಕೇಳಿ: ಗುಂಪಿನ ಗುಟ್ಟು ಯಾರ ಬಳಿ ಇರುತ್ತದೆ? ತಡವರಿಸಿದರೆ ಆ ಲ್ಯಾಬ್ ಬಗ್ಗೆ ನಿಮಗೆ ತಿಳಿಯಬೇಕಾದದ್ದು ತಿಳಿಯಿತು.

ಭಾರತದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ, ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಯ ಕೇಂದ್ರ ಸಮಿತಿ ಸಿಸಿಎಸ್‌ಇಎಯ ನೋಂದಣಿಯೂ ಇರಬೇಕು. ಒಪ್ಪಿಗೆ ಪತ್ರದಲ್ಲಿ ನಿಮ್ಮ ಹೆಸರಿಲ್ಲದೆ ಮರಿಗಳನ್ನು ಮುಟ್ಟಬೇಡಿ.

ಹುಬ್ಬಳ್ಳಿ ಗಾಳಿ

ಕುರಿಯ ಗಡಿಯಾರ ಒಪ್ಪಿದೆ. ಆದರೂ ನಾನು ಮುಟ್ಟುವುದಿಲ್ಲ. ಹಾಗೆ ಹೇಳುವ ಹಕ್ಕು ಟೆಕ್ನಾಲಜಿಸ್ಟ್‌ಗೂ ಇದೆ ಎಂಬುದು ತುಂಗಾತೀರ ಅವರಿಗೆ ಗೊತ್ತಿರಲಿ.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಮರಿಗಳ ವಿಷಯ ಇನ್ನೂ ಯೋಚಿಸಬೇಕು. ಸದ್ಯಕ್ಕೆ ಮನುಷ್ಯರ ಸ್ಯಾಂಪಲ್ ಬಗ್ಗೆ ಕೇಳುತ್ತೇನೆ. ಮಾಸು ಹೇಗೆ ಸಂಗ್ರಹಿಸುತ್ತಾರೆ? ಆರ್‌ಎನ್‌ಎ ಟ್ಯೂಬ್ ನಾನು ಇದುವರೆಗೆ ಮುಟ್ಟಿಯೇ ಇಲ್ಲ.

ಏಳನೇ ವಾರ್ಡ್

ಮಾಸಿನ ಕಥೆ ನಾನು ಹೇಳುತ್ತೇನೆ. ಹೆರಿಗೆಯಾದ ಕೂಡಲೇ ಅದು ಹಳದಿ ಚೀಲಕ್ಕೆ ಹೋಗುತ್ತದೆ, ಜೈವಿಕ ತ್ಯಾಜ್ಯದ ನಿಯಮವೇ ಹಾಗೆ. ಮಗು ಅಳಲಿಲ್ಲ ಎಂದು ಎಲ್ಲರೂ ಮಗುವಿನ ಹಿಂದೆ ಓಡಿರುತ್ತಾರೆ, ಆಯಾ ಎಂದಿನಂತೆ ಕೋಣೆ ಶುಚಿ ಮಾಡಿರುತ್ತಾಳೆ. ನಿಮ್ಮ ಅಧ್ಯಯನಕ್ಕೆ ಸೇರುವ ಮಗು ಯಾವುದೆಂದು ತಿಳಿಯುವಷ್ಟರಲ್ಲಿ ಮಾಸು ಗಾಡಿ ಹತ್ತಿರುತ್ತದೆ. ನಾನು ಕಂಡ ಒಬ್ಬ ಟೆಕ್ನಾಲಜಿಸ್ಟ್ ಹುಡುಗಿ ಹೆರಿಗೆ ಕೋಣೆಯ ಆಯಾಗಳ ಜೊತೆಗೇ ಚಹಾ ಕುಡಿಯುತ್ತಿದ್ದಳು. ಆಕೆಯ ಅಧ್ಯಯನಕ್ಕೆ ಮಾಸು ತಪ್ಪುತ್ತಿದ್ದದ್ದು ಕಡಿಮೆ. ಸುತ್ತೋಲೆಗಿಂತ ಆ ಚಹಾ ಹೆಚ್ಚು ಕೆಲಸ ಮಾಡಿತು.

ಹೊರಗಿನ ಆಸ್ಪತ್ರೆಯಲ್ಲಿ ಹುಟ್ಟಿ ಆಂಬುಲೆನ್ಸ್‌ನಲ್ಲಿ ಬಂದ ಮಕ್ಕಳದ್ದಂತೂ ಮಾಸೂ ಇಲ್ಲ, ಹೊಕ್ಕುಳಬಳ್ಳಿಯ ರಕ್ತವೂ ಇಲ್ಲ.

ಎನ್‌ಐಸಿಯು ಮೂಲೆ

ಒಪ್ಪಿಗೆಯ ವಿಚಾರ ಸೇರಿಸುತ್ತೇನೆ. ತಾಯಿ ಇನ್ನೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರಬಹುದು, ತಂದೆ ಔಷಧದ ಚೀಟಿ ಹಿಡಿದು ಓಡುತ್ತಿರಬಹುದು. ಆ ಹೊತ್ತಿನಲ್ಲಿ ಒಪ್ಪಿಗೆ ಕೇಳಬೇಕು. ಕೇಳುವುದು ವೈದ್ಯರ ಕೆಲಸ, ನಿಮ್ಮ ಮೇಲೆ ಹಾಕಿದರೆ ಒಪ್ಪಬೇಡಿ. ಆದರೆ ಸಹಿ ಆಗಿದೆಯೇ, ಉಳಿದ ರಕ್ತವನ್ನು ಮುಂದಿನ ಅಧ್ಯಯನಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದಾರೆಯೇ ಎಂದು ನೋಡಿ ಫ್ರೀಜರ್‌ಗೆ ಇಡುವುದು ನಿಮ್ಮ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯನ್ನು ಸಂದರ್ಶನಕ್ಕೆ ಮುಂಚೆ ಓದಿಕೊಳ್ಳಿ.

ರಕ್ತದ ಅನಿಲ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಯಂತ್ರ ರಕ್ತವನ್ನು 37 ಡಿಗ್ರಿಗೆ ಬಿಸಿಮಾಡಿ ಅಳೆಯುತ್ತದೆ. ತಂಪು ಚಿಕಿತ್ಸೆಯ ಮಗು 33.5ರಲ್ಲಿ ಇರುತ್ತದೆ. ಯಂತ್ರ ಇಂಗಾಲದ ಡೈಆಕ್ಸೈಡ್ 40 ಎಂದರೆ ಮಗುವಿನ ಮೈಯ ತಾಪದಲ್ಲಿ ಅದು ಸುಮಾರು 34. ಅದು ತೀರಾ ಇಳಿದರೆ ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ, ಅದು ಇನ್ನೊಂದು ಪೆಟ್ಟು. ಮಗುವಿನ ತಾಪವನ್ನು ಯಂತ್ರಕ್ಕೆ ಊಡಿಸಿದ್ದಾರೋ ಇಲ್ಲವೋ ಎಂಬುದು ಪ್ರತಿ ವರದಿಯಲ್ಲೂ ಇರಬೇಕು. ಎಷ್ಟೋ ಕಡೆ ಇರುವುದಿಲ್ಲ. ಆಮೇಲೆ ಎರಡು ಕೇಂದ್ರಗಳ ಅಂಕಿಗಳನ್ನು ಒಟ್ಟು ಸೇರಿಸಲು ಆಗುವುದಿಲ್ಲ.

ಹಳೇ ಮೈಕ್ರೋಟೋಮ್

ಆರ್‌ಎನ್‌ಎ ಟ್ಯೂಬ್ ಬಗ್ಗೆ ಕೇಳಿದಿರಿ. ಆರ್‌ಎನ್‌ಎ ಕೆಡದಂತೆ ಕಾಯುವ ಪ್ಯಾಕ್ಸ್‌ಜೀನ್ ಎಂಬ ಟ್ಯೂಬ್‌ನೊಳಗೆ ಮೊದಲೇ 6.9 ಮಿಲಿ ರಾಸಾಯನಿಕ ಇರುತ್ತದೆ, ಅದಕ್ಕೆ 2.5 ಮಿಲಿ ರಕ್ತ ಎಂದು ಲೆಕ್ಕ. ನವಜಾತ ಶಿಶುವಿನಿಂದ ಅಷ್ಟು ಎಳೆದರೆ ಸಿಸ್ಟರ್ ನಿಮ್ಮನ್ನು ವಾರ್ಡಿನಿಂದ ಓಡಿಸುತ್ತಾರೆ, ಓಡಿಸಬೇಕು ಕೂಡ. ಹಾಗಾಗಿ ರಕ್ತ ಕಡಿಮೆ ಮಾಡಿದಷ್ಟೇ ಪ್ರಮಾಣದಲ್ಲಿ ರಾಸಾಯನಿಕವನ್ನೂ ಕಡಿಮೆ ಮಾಡಿ ಸಣ್ಣ ಟ್ಯೂಬ್‌ಗಳನ್ನು ಮುಂಚೆಯೇ ತಯಾರಿಸಿ ಇಟ್ಟಿರುತ್ತಾರೆ. ರಕ್ತ ಬಿದ್ದ ಕೂಡಲೇ ಎಂಟು ಹತ್ತು ಬಾರಿ ಮೆಲ್ಲಗೆ ಮಗುಚಬೇಕು, ಅಲ್ಲಾಡಿಸಬಾರದು. ಕೋಣೆಯ ತಾಪದಲ್ಲಿ ಕನಿಷ್ಠ ಎರಡು ಗಂಟೆ, ಆಮೇಲೆ ಮೈನಸ್ 20, ಅಲ್ಲಿಂದ ಮೈನಸ್ 80. ನೇರವಾಗಿ ಮೈನಸ್ 80ಕ್ಕೆ ಎಸೆದರೆ ಟ್ಯೂಬ್ ಬಿರುಕು ಬಿಡುವುದುಂಟು.

ಪ್ಲಾಸ್ಮಾವನ್ನು ಒಂದೇ ಟ್ಯೂಬ್‌ನಲ್ಲಿ ಇಡಬೇಡಿ. ಸಣ್ಣ ಸಣ್ಣ ಪಾಲು ಮಾಡಿ. ಮೂರು ವರ್ಷದ ಮೇಲೆ ಯಾರಿಗೋ ಒಂದು ಪರೀಕ್ಷೆ ನೆನಪಾಗುತ್ತದೆ, ಇಡೀ ಟ್ಯೂಬ್ ಕರಗಿಸಿ ಮತ್ತೆ ಗಟ್ಟಿಮಾಡುತ್ತಾರೆ, ಪ್ರೋಟೀನುಗಳ ಗತಿ ದೇವರೇ ಬಲ್ಲ. ಲೇಬಲ್ ಅತಿ ಶೀತಕ್ಕೆಂದೇ ಮಾಡಿದ್ದಾಗಿರಲಿ. ಮಾಮೂಲಿ ಅಂಟಿನ ಚೀಟಿ ಮೈನಸ್ 80ರಲ್ಲಿ ಉದುರಿ ಡಬ್ಬದ ತಳದಲ್ಲಿ ಬಿದ್ದಿರುತ್ತದೆ, ಮೇಲೆ ಹೆಸರಿಲ್ಲದ ಟ್ಯೂಬ್‌ಗಳ ಸಾಲು. ಕರೆಂಟು ಹೋದಾಗ ಫ್ರೀಜರ್ ಜನರೇಟರ್‌ಗೆ ಸೇರಿದೆಯೇ, ಅಲಾರಂ ಯಾರ ಮೊಬೈಲ್‌ಗೆ ಬರುತ್ತದೆ, ಇವನ್ನು ಮೊದಲ ದಿನವೇ ವಿಚಾರಿಸಿ. ಬಹಳ ಕಡೆ ಬಿಟ್ಟುಹೋದವರ ನಂಬರ್‌ಗೆ ಬರುತ್ತಿರುತ್ತದೆ.

ಆಕ್ಲೆಂಡ್ ಕನ್ನಡಿಗ

ಪ್ರಬಂಧದಲ್ಲಿ ಹೆಸರಿನ ಮಾತನ್ನೂ ಈಗಲೇ ಆಡಿಬಿಡಿ. ಬರೀ ತಾಂತ್ರಿಕ ನೆರವಿಗೆ ಕೃತಜ್ಞತೆಯ ಸಾಲಿನಲ್ಲಿ ಜಾಗ ಸಿಗುತ್ತದೆ, ಲೇಖಕರ ಪಟ್ಟಿಯಲ್ಲಲ್ಲ. ವಿಧಾನವೊಂದನ್ನು ನೀವೇ ಹೊಂದಿಸಿ, ಅದರ ಭಾಗವನ್ನು ಬರೆದುಕೊಟ್ಟರೆ ವಾದಿಸಬಹುದು. ನಾನು ವಾದಿಸಿದ್ದೇನೆ, ಒಮ್ಮೆ ಗೆದ್ದಿದ್ದೇನೆ.

ಹುಬ್ಬಳ್ಳಿ ಗಾಳಿ

ಒಮ್ಮೆ ಮಾತ್ರ ಎಂಬುದನ್ನು ಗಮನಿಸಿ!

ತುಂಗಾತೀರ

ಸಂದರ್ಶನ ಮುಗಿಯಿತು. ಗುಂಪಿನ ಗುಟ್ಟು ಯಾರ ಬಳಿ ಎಂದು ಕೇಳಿದೆ. ಹೊರಗಿನ ಸಂಖ್ಯಾಶಾಸ್ತ್ರಜ್ಞರ ಬಳಿ ಎಂದರು, ತಡವರಿಸಲಿಲ್ಲ. ಫ್ರೀಜರ್ ಅಲಾರಂ ಕೇಳಿದ್ದಕ್ಕೆ ಇಬ್ಬರು ಮುಖ ನೋಡಿಕೊಂಡರು. ಪ್ರಾಣಿ ವಿಭಾಗವನ್ನು ಮೊದಲ ವರ್ಷ ಹಚ್ಚುವುದಿಲ್ಲ ಎಂದು ಬರೆದುಕೊಡಲು ಒಪ್ಪಿದ್ದಾರೆ. ರಾತ್ರಿ ಓಡಾಟಕ್ಕೆ ಮಾತ್ರ 'ನೋಡೋಣ' ಎಂದಿದ್ದಾರೆ.

ಸಿಸ್ಟರ್, ಒಂದು ಪ್ರಶ್ನೆ ನಿಮಗೆ. ಹಿಮ್ಮಡಿ ಹಿಂಡದೆ ರಕ್ತ ಬರಲು ಏನಾದರೂ ಉಪಾಯವಿದೆಯೇ?

ಏಳನೇ ವಾರ್ಡ್

ಹೊಕ್ಕುಳ ನಾಳಕ್ಕೆ ಕ್ಯಾತಿಟರ್ (ತೆಳು ಕೊಳವೆ) ಹಾಕಿದ್ದರೆ ಹಿಮ್ಮಡಿಯ ಗೊಡವೆಯೇ ಬೇಡ. ವೈದ್ಯರು ಮಾಮೂಲಿ ಪರೀಕ್ಷೆಗೆ ಅಲ್ಲಿಂದ ರಕ್ತ ತೆಗೆಯುವಾಗಲೇ ನಿಮ್ಮದನ್ನೂ ತೆಗೆಯುತ್ತೇವೆ, ಮಗುವಿಗೆ ಹೆಚ್ಚಿನ ಚುಚ್ಚು ಇಲ್ಲ. ಕ್ಯಾತಿಟರ್ ಇಲ್ಲದಿದ್ದರೆ ತಂಪು ಚಿಕಿತ್ಸೆಯಲ್ಲಿಲ್ಲದ ಮಗುವಿನ ಹಿಮ್ಮಡಿಯನ್ನು ಬೆಚ್ಚಗಿನ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಡಿ, ಮೊದಲ ತೊಟ್ಟನ್ನು ಒರೆಸಿಬಿಡಿ, ಮುಂದಿನದು ತಾನೇ ಕಟ್ಟಿಕೊಳ್ಳಲು ಬಿಡಿ. ತಂಪು ನಡೆಯುತ್ತಿದ್ದರೆ ಬೆಚ್ಚಗೆ ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಮಾಮೂಲಿ ರಕ್ತ ತೆಗೆಯುವ ಹೊತ್ತು ನಮ್ಮಲ್ಲಿ ಬೆಳಿಗ್ಗೆ ಆರು, ಸಂಜೆ ಆರು. ನೀವು ಸೇರುವ ವಾರ್ಡಿನ ಹೊತ್ತು ತಿಳಿದುಕೊಂಡು ಹದಿನೈದು ನಿಮಿಷ ಮುಂಚೆ ಟ್ಯೂಬ್ ತಂದಿಡಿ.